1,800 ಜನಕ್ಕೊಂದು ಪುರಸಭೆಯೇ?

ಪ್ರಶ್ನೆ: ನಾರ್ವೆ ಸುತ್ತಿ ಬಂದ ಗೆಳೆಯರು, ಔರ್ಲಾಂಡ್ ಎಂಬ ಪುರಸಭೆಯ ಜನಸಂಖ್ಯೆ ಬರೀ 1,800 ಎಂದರು. ಅಷ್ಟು ಜನಕ್ಕೆ ಪುರಸಭೆಯೇ? ಅಲ್ಲಿನ ಫ್ಯೋರ್ಡ್ ನಮ್ಮ ಕೆಆರ್‌ಎಸ್ ಹಿನ್ನೀರಿನ ಹಾಗೇ ಕಾಣುತ್ತದಂತೆ, ಹೌದೇ?
– ಓದುಗರೊಬ್ಬರು, ಯಾದವಗಿರಿ, ಮೈಸೂರು

ಉತ್ತರ: ಮೊದಲು ನೀರಿನ ಮಾತು. ಸಾಗರಕಟ್ಟೆಯ ರೈಲು ಸೇತುವೆ ದಾಟುವಾಗ ಕಿಟಕಿಯಿಂದ ನೋಡಿದರೆ ಗೆಳೆಯರು ಹೇಳಿದ್ದು ಸರಿ ಎನಿಸೀತು. ಆದರೆ ಅದು ಕನ್ನಂಬಾಡಿ ಕಟ್ಟೆ ತಡೆದು ನಿಲ್ಲಿಸಿದ ಸಿಹಿನೀರು. ಫ್ಯೋರ್ಡ್ ಎಂದರೆ ಹಿಮನದಿ ಕೊರೆದ ಕಣಿವೆಯೊಳಗೆ ಸಮುದ್ರವೇ ನುಗ್ಗಿ ನಿಂತದ್ದು. ಔರ್ಲಾಂಡ್ ಇರುವುದು ಸೋಗ್ನೆ ಫ್ಯೋರ್ಡಿನ ಒಂದು ಕವಲಿನ ದಡದಲ್ಲಿ. ಕಟ್ಟೆ ತುಂಬಿದರೆ ಕೆಆರ್‌ಎಸ್‌ನಲ್ಲಿ 124.80 ಅಡಿ ನೀರು. ಸೋಗ್ನೆ ಫ್ಯೋರ್ಡಿನ ಗರಿಷ್ಠ ಆಳ ಸುಮಾರು 1,300 ಮೀಟರ್. ಮೈಸೂರಿನ ನೆಲದಿಂದ ಸುಮಾರು 300 ಮೀಟರ್ ಏಳುವ ಚಾಮುಂಡಿ ಬೆಟ್ಟವನ್ನು ನಾಲ್ಕು ಸಲ ಪೇರಿಸಿದರೂ ಮುಳುಗೀತು!

ಇನ್ನು ಪುರಸಭೆ. ಗೊಂದಲವಿರುವುದು ಈ ಪದದಲ್ಲೇ. ನಾರ್ವೆಯಲ್ಲಿ ಹಳ್ಳಿಗೊಂದು, ಪಟ್ಟಣಕ್ಕೊಂದು ಎಂಬ ಭೇದವಿಲ್ಲ. ಎಲ್ಲಕ್ಕೂ ‘ಕೊಮ್ಯೂನ್’ ಎಂಬ ಒಂದೇ ವ್ಯವಸ್ಥೆ. ನಮ್ಮ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಗೆ 5,000ದಿಂದ 7,000 ಜನ ಬೇಕು. ಮಲೆನಾಡಿನಲ್ಲಾದರೆ 2,500 ಸಾಕು. ಆ ಲೆಕ್ಕದಲ್ಲಿ ಔರ್ಲಾಂಡಿಗೆ ಗ್ರಾಮ ಪಂಚಾಯಿತಿಯೂ ದಕ್ಕದು.

ಅಲ್ಲಿರುವುದೂ ಹಳ್ಳಿಗಳೇ: ಔರ್ಲಾಂಡ್ಸ್‌ವಾಂಗನ್, ಫ್ಲೋಮ್, ಗುಡ್ವಾಂಗನ್, ಉಂಡ್ರೆಡಾಲ್. ಉಂಡ್ರೆಡಾಲ್‌ಗೆ ರಸ್ತೆ ಬಂದದ್ದು 1988ರಲ್ಲಿ. ಅಲ್ಲಿಯವರೆಗೆ ದೋಣಿಯೇ ಗತಿ. ಊರಿನಲ್ಲಿ ಜನಕ್ಕಿಂತ ಆಡುಗಳೇ ಹೆಚ್ಚು. ಆಡಿನ ಹಾಲು ಒಡೆಸಿ, ಉಳಿದ ತಿಳಿಯನ್ನು ನಾವು ಖೋವಾ ಕಾಯಿಸುವಂತೆ ಕಂದುಬಣ್ಣಕ್ಕೆ ತಿರುಗುವವರೆಗೆ ಕುದಿಸಿ ಚೀಸ್ ಮಾಡುತ್ತಾರೆ. ಊರಿಗೆ ಹೆಸರು ತಂದದ್ದು ಅದೇ.

ಆದರೆ ಕೆಲಸ ನೋಡಿ. ಹತ್ತನೇ ತರಗತಿವರೆಗಿನ ಶಾಲೆ, ಪ್ರಾಥಮಿಕ ಚಿಕಿತ್ಸೆ, ವೃದ್ಧರ ಆರೈಕೆ, ನೀರು ಎಲ್ಲವೂ ಕೊಮ್ಯೂನಿನ ಹೊಣೆ. ಆದಾಯ ತೆರಿಗೆಯಲ್ಲೂ ಅದಕ್ಕೆ ಪಾಲುಂಟು. ನಮ್ಮ ಪಂಚಾಯಿತಿ ಮನೆ ಕಂದಾಯ ವಸೂಲಿ ಮಾಡೀತು. ಮೇಷ್ಟ್ರನ್ನೋ ಡಾಕ್ಟರನ್ನೋ ನೇಮಿಸುವ ಅಧಿಕಾರ ಅದಕ್ಕಿಲ್ಲ.

ಇನ್ನೊಂದು ಸಂಗತಿ ಮೈಸೂರಿನವರಿಗೆ ನಾಟೀತು. ಔರ್ಲಾಂಡಿನ ಬೆಟ್ಟಗಳಲ್ಲೂ ಜಲವಿದ್ಯುತ್ ಯೋಜನೆಗಳಿವೆ. ಉತ್ಪಾದನೆಯಾಗುವ ವಿದ್ಯುತ್ತಿನಲ್ಲಿ ಶೇ 10ರವರೆಗಿನ ಪಾಲನ್ನು ಅಗ್ಗದ ದರಕ್ಕೆ ಪಡೆಯುವ ಹಕ್ಕು ಅಲ್ಲಿನ ಕಾನೂನಿನ ಪ್ರಕಾರ ಆ ನೆಲದ ಕೊಮ್ಯೂನುಗಳಿಗಿದೆ. 1911ರಲ್ಲಿ ನಮ್ಮ ಕಟ್ಟೆಯ ಕೆಲಸ ಶುರುವಾದದ್ದರ ಹಿಂದೆಯೂ ಶಿವನಸಮುದ್ರದ ವಿದ್ಯುತ್ತಿಗೆ ವರ್ಷವಿಡೀ ನೀರು ಸಿಗಬೇಕೆಂಬ ಉದ್ದೇಶವಿತ್ತು. ಅದಕ್ಕಾಗಿ ಹಳೆಯ ಕನ್ನಂಬಾಡಿ ಊರೇ ಮುಳುಗಿತು.

ಹಾಗಾಗಿ ಔರ್ಲಾಂಡನ್ನು ಪುರಸಭೆ ಎನ್ನುವ ಬದಲು ‘ಕೈತುಂಬ ಅಧಿಕಾರವಿರುವ ಹಳ್ಳಿ ಪಂಚಾಯಿತಿ’ ಎನ್ನಿ; ನಿಜಕ್ಕೆ ಹತ್ತಿರವಾದೀತು.