ಮರುಬರಹದ ತಟ್ಟೆ ಏಕೆ ಬರೆಸಿಕೊಳ್ಳುವುದಿಲ್ಲ?

ಬರೆದುದನ್ನು ಅಳಿಸಿ ಅದೇ ಸ್ಥಳದಲ್ಲಿ ಮತ್ತೆ ಬರೆಯುವ ಉಪಾಯವು ನಮ್ಮ ನಾಡಿಗೆ ಹೊಸದಲ್ಲ. ಓಲೆಗರಿಯ ಮೇಲೆ ಕಂಟದಿಂದ ಕೊರೆದ ಅಕ್ಷರವನ್ನು ಅಳಿಸುವಂತಿರಲಿಲ್ಲವೆಂಬುದು ನಿಜ. ಆದರೆ ವರ್ತಕರು ಲೆಕ್ಕವಿಡುತ್ತಿದ್ದ ಕಡತವು ಬೇರೆ ಬಗೆಯದು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಜೋಡಿಸಿದ ಆ ಕರಿಯ ಪುಸ್ತಕದ ಮೇಲೆ ಬಳಪದಿಂದ ಬರೆಯುತ್ತಿದ್ದರು; ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಇಂದು ಗಣಕಯಂತ್ರದ ‘ಫೈಲ್’ ಎಂಬುದಕ್ಕೂ ಕನ್ನಡದಲ್ಲಿ ಕಡತವೆಂಬ ಹೆಸರೇ ಸಲ್ಲುತ್ತಿದೆ.

ಗಣಕಯಂತ್ರದಲ್ಲಿ ಬಳಸುವ ಬೆಳಕಿನ ತಟ್ಟೆಗಳಲ್ಲಿಯೂ ಈ ಎರಡು ಜಾತಿಗಳುಂಟು. ಸಿ.ಡಿ.-ಆರ್. ಎಂಬುದು ಓಲೆಗರಿಯಂತೆ, ಒಮ್ಮೆ ಬರೆದರೆ ಬರೆದಂತೆಯೇ. ಸಿ.ಡಿ.-ಆರ್.ಡಬ್ಲ್ಯು. ಎಂಬುದು ಕಡತದಂತೆ, ಅಳಿಸಿ ಮತ್ತೆ ಬರೆಯಬಹುದು. ಇತ್ತೀಚಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ತಟ್ಟೆಯ ಡ್ರೈವ್ ಇರುವುದಿಲ್ಲವಾದರೂ, ಯು.ಎಸ್.ಬಿ. ತಂತಿಯಿಂದ ಹೊರಗೆ ಜೋಡಿಸುವ ಡ್ರೈವ್ ದೊರೆಯುತ್ತದೆ. ಮನೆಯ ಕಪಾಟುಗಳಲ್ಲಿ ಮದುವೆಯ ಚಿತ್ರಗಳೂ ಹಳೆಯ ಬರವಣಿಗೆಗಳೂ ತಟ್ಟೆಗಳಲ್ಲಿಯೇ ಉಳಿದಿವೆ.

ವಿದ್ಯಾರ್ಥಿಯೊಬ್ಬನು ವರ್ಷವೆಲ್ಲ ದುಡಿದು ಸಿದ್ಧಪಡಿಸಿದ ವರದಿಯನ್ನು ಇಂಥ ತಟ್ಟೆಗೆ ಸೇರಿಸಿ, ಗಣಕಯಂತ್ರದಲ್ಲಿದ್ದ ಮೂಲವನ್ನು ಅಳಿಸಿಬಿಡುತ್ತಾನೆ. ಮರುದಿನ ಬೇರೊಂದು ಯಂತ್ರದಲ್ಲಿ ನೋಡಿದರೆ ತಟ್ಟೆ ಬರಿದು! ಇಂಥ ನಷ್ಟಕ್ಕೆ ಬಹುಮಟ್ಟಿಗೆ ಕಾರಣವಾಗುವುದು ತಟ್ಟೆಯ ದೋಷವಲ್ಲ. ಅದರ ಮೇಲೆ ಬರವಣಿಗೆ ಹೇಗೆ ನಡೆಯುತ್ತದೆಂಬುದನ್ನು ತಿಳಿಯದಿರುವುದು. ಆದುದರಿಂದ ಮೊದಲು ಅದನ್ನು ನೋಡಿ, ಅನಂತರ ತೊಡಕುಗಳನ್ನು ಒಂದೊಂದಾಗಿ ವಿಚಾರಿಸೋಣ.

ಬೆಳಕಿನ ಲೇಖನಿ

ತಟ್ಟೆಯ ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್. ಪಾಲಿಕಾರ್ಬೊನೇಟ್ ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನಿಂದಾದ ಇದರಲ್ಲಿ ಒಳಗಿನಿಂದ ಹೊರಕ್ಕೆ ಸುತ್ತಿಕೊಂಡು ಹೋಗುವ ಒಂದೇ ಒಂದು ಗೀರು ಇರುತ್ತದೆ. ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ ಇರುವ ಅಂತರ ಕೇವಲ 1.6 ಮೈಕ್ರೋಮೀಟರ್. ಈ ಗೀರನ್ನು ಬಿಚ್ಚಿ ನೇರವಾಗಿ ಎಳೆದರೆ ಐದು ಕಿಲೋಮೀಟರಿಗೂ ಹೆಚ್ಚು ಉದ್ದವಾದೀತು!

ಗೀರಿನ ಮೇಲೆ ಬೆಳ್ಳಿ, ಇಂಡಿಯಂ, ಆಂಟಿಮನಿ, ಟೆಲ್ಯೂರಿಯಂ ಎಂಬ ನಾಲ್ಕು ಧಾತುಗಳು ಕೂಡಿದ ಮಿಶ್ರಣದ ತೆಳುವಾದ ಪದರವಿದೆ. ಇದು ಎರಡು ಸ್ಥಿತಿಗಳಲ್ಲಿ ನಿಲ್ಲಬಲ್ಲದು. ಪರಮಾಣುಗಳು ಸಾಲಾಗಿ ಅಣಿಗೊಂಡಾಗ ಅದು ಸ್ಫಟಿಕರೂಪ. ಆಗ ಬೆಳಕನ್ನು ಚೆನ್ನಾಗಿ ಹಿಂದಿರುಗಿಸುತ್ತದೆ. ಪರಮಾಣುಗಳು ಗಾಜಿನಲ್ಲಿರುವಂತೆ ಅಸ್ತವ್ಯಸ್ತವಾಗಿ ನಿಂತಾಗ ಅದು ಅಸ್ಫಟಿಕರೂಪ. ಆಗ ಹಿಂದಿರುಗುವ ಬೆಳಕು ಕಡಿಮೆ. ಅಡುಗೆಮನೆಯ ಸಕ್ಕರೆಯಲ್ಲಿಯೂ ಇದಕ್ಕೆ ಹೋಲಿಕೆಯುಂಟು. ಪಾಕವನ್ನು ನಿಧಾನವಾಗಿ ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ; ಕರಗಿದ ಸಕ್ಕರೆಯನ್ನು ತಣ್ಣಗಿನ ಕಲ್ಲಿನ ಮೇಲೆ ಥಟ್ಟನೆ ಸುರಿದರೆ ಗಾಜಿನಂತೆ ಹೆಪ್ಪುಗಟ್ಟುತ್ತದೆ.

ಡ್ರೈವಿನ ಲೇಸರ್ ಕಿರಣವು ಮೂರು ಬಲಗಳಲ್ಲಿ ಕೆಲಸಮಾಡುತ್ತದೆ. ಹೆಚ್ಚಿನ ಬಲವು ಒಂದು ಬಿಂದುವನ್ನು 500ರಿಂದ 700 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಕರಗಿಸುತ್ತದೆ. ಕಿರಣ ಮುಂದಕ್ಕೆ ಸರಿದೊಡನೆ ಆ ಬಿಂದು ಫಕ್ಕನೆ ಆರಿ ಅಸ್ಫಟಿಕವಾಗುತ್ತದೆ. ಇದೇ ಬರವಣಿಗೆ. ನಡುವಣ ಬಲವು ಬಿಂದುವನ್ನು ಕರಗಿಸದೆ ಸುಮಾರು 200 ಡಿಗ್ರಿಯವರೆಗೆ ಮಾತ್ರ ಕಾಯಿಸುತ್ತದೆ. ಪರಮಾಣುಗಳು ಮತ್ತೆ ಸಾಲುಗೂಡುತ್ತವೆ. ಇದು ಅಳಿಸುವಿಕೆ. ಅತ್ಯಲ್ಪ ಬಲದ ಕಿರಣವು ಏನನ್ನೂ ಬದಲಿಸದೆ ಓದುತ್ತದೆ. 1968ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಓವ್‌ಶಿನ್‌ಸ್ಕಿ ಎಂಬ ಸಂಶೋಧಕನು, ಗಾಜಿನಂಥ ಕೆಲವು ವಸ್ತುಗಳು ವಿದ್ಯುತ್ತಿನ ಪ್ರಭಾವದಿಂದ ಸ್ಥಿತಿಯನ್ನು ಬದಲಿಸಿ ಪುನಃ ಹಿಂದಿರುಗಬಲ್ಲವೆಂಬುದನ್ನು ಪ್ರಕಟಿಸಿದನು. ಕಾಲೇಜಿನ ಪದವಿಯಿಲ್ಲದ ಈತನ ಶೋಧವು ಈ ಬಗೆಯ ತಟ್ಟೆಗಳಿಗೆ ದಾರಿಮಾಡಿಕೊಟ್ಟಿತು. ಮರುಬರಹದ ಸಿ.ಡಿ. ಬಳಕೆಗೆ ಬಂದುದು 1997ರ ಸುಮಾರಿಗೆ.

ಬರೆಯುವುದೆಂದರೆ ಕಾಯಿಸಿ ಆರಿಸುವ ಒಂದು ಭೌತಕ್ರಿಯೆ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನ ತೊಡಕುಗಳಲ್ಲಿ ಹಲವು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ತಟ್ಟೆಗೂ ಡ್ರೈವಿಗೂ ಹೊಂದಿಕೆ

ಮೊದಲು ತಟ್ಟೆಯ ಮೇಲಿನ ಹೆಸರನ್ನೂ ಡ್ರೈವಿನ ಮುಖದ ಮೇಲಿರುವ ಗುರುತುಗಳನ್ನೂ ಓದಿಕೊಳ್ಳಬೇಕು. ಕೆಲವು ಡ್ರೈವ್‌ಗಳು ಓದಬಲ್ಲವೇ ಹೊರತು ಬರೆಯಲಾರವು. ‘ಕಾಂಬೋ’ ಎಂಬ ಹೆಸರಿನವು ಡಿ.ವಿ.ಡಿ.ಯನ್ನು ಓದುತ್ತವೆ, ಆದರೆ ಸಿ.ಡಿ.ಯನ್ನು ಮಾತ್ರ ಬರೆಯುತ್ತವೆ. ಡಿ.ವಿ.ಡಿ.ಯಲ್ಲಿ ‘ಪ್ಲಸ್ ಆರ್.ಡಬ್ಲ್ಯು.’, ‘ಡ್ಯಾಶ್ ಆರ್.ಡಬ್ಲ್ಯು.’ ಎಂಬ ಎರಡು ಪಂಗಡಗಳಿವೆ; ಹಳೆಯ ಡ್ರೈವ್‌ಗಳಲ್ಲಿ ಒಂದನ್ನೊಪ್ಪಿ ಇನ್ನೊಂದನ್ನೊಪ್ಪದವು ಉಂಟು.

ವೇಗದ ಹೊಂದಿಕೆಯೂ ಬೇಕು. ಸಿ.ಡಿ.ಯ ಒಂದು ಪಟ್ಟು ವೇಗವೆಂದರೆ ಸೆಕೆಂಡಿಗೆ 150 ಕಿಲೋಬೈಟ್. ಮೊದಲ ಮರುಬರಹದ ತಟ್ಟೆಗಳು ಒಂದರಿಂದ ನಾಲ್ಕು ಪಟ್ಟು ವೇಗದವು. ಆಮೇಲೆ ಬಂದ ‘ಹೈ ಸ್ಪೀಡ್’, ‘ಅಲ್ಟ್ರಾ ಸ್ಪೀಡ್’ ತಟ್ಟೆಗಳಲ್ಲಿ ಹಳೆಯ ಡ್ರೈವ್ ಬರೆಯಲಾರದು. ನಿಧಾನವಾಗಿ ಬರೆದಷ್ಟೂ ಒಳ್ಳೆಯದೆಂಬ ನಂಬಿಕೆ ಸಾಮಾನ್ಯವಾಗಿದೆ. ಮರುಬರಹದ ತಟ್ಟೆಯ ವಿಷಯದಲ್ಲಿ ಇದು ಪೂರ್ತಿ ಸರಿಯಲ್ಲ. ಪದರವು ಎಷ್ಟು ಬೇಗ ಹರಳುಗಟ್ಟಬೇಕೆಂಬುದನ್ನು ವೇಗಕ್ಕೆ ತಕ್ಕಂತೆ ಹೊಂದಿಸಿರುವುದರಿಂದ, ಅದಕ್ಕೆ ಗರಿಷ್ಠ ವೇಗವಿರುವಂತೆ ಕನಿಷ್ಠ ವೇಗವೂ ಉಂಟು. ತಟ್ಟೆಯ ಮೇಲೆ ಅಚ್ಚಾಗಿರುವ ಮಿತಿಯೊಳಗೇ ಇರಬೇಕು.

ಬರೆಯುವ ಮುನ್ನ ಡ್ರೈವ್ ತಟ್ಟೆಯ ಒಳ ಅಂಚಿನಲ್ಲಿ ಲೇಸರಿನ ಬಲವನ್ನು ಪರೀಕ್ಷಿಸಿ ನೋಡುತ್ತದೆ. ಈ ಪರೀಕ್ಷೆ ಸೋತರೆ ‘ಪವರ್ ಕ್ಯಾಲಿಬ್ರೇಷನ್ ಎರರ್’ ಎಂಬ ಸೂಚನೆ ಬರುತ್ತದೆ. ಅದಕ್ಕೆ ವಿದ್ಯುತ್ ಸರಬರಾಜಿನ ಕೊರತೆ ಎಂದು ಅರ್ಥವಲ್ಲ. ಈ ತಟ್ಟೆಗೆ ಒಪ್ಪುವ ಲೇಸರ್ ಬಲ ದೊರೆಯಲಿಲ್ಲವೆಂದು ಅರ್ಥ. ಆಗ ವೇಗವನ್ನು ಬದಲಿಸಿ, ಅಥವಾ ಬೇರೆ ತಯಾರಿಕೆಯ ತಟ್ಟೆಯನ್ನು ಹಾಕಿ ನೋಡಬೇಕು. ಹೊರಗಿನ ಡ್ರೈವಾದರೆ ನಿಜವಾಗಿಯೇ ವಿದ್ಯುತ್ತು ಸಾಲದಿರುವುದೂ ಉಂಟು. ಅದನ್ನು ಹಬ್ಬಿಗೆ ಜೋಡಿಸದೆ ಗಣಕಯಂತ್ರಕ್ಕೇ ನೇರವಾಗಿ ಜೋಡಿಸುವುದು ಲೇಸು.

ಎರಡು ವಿಧಾನಗಳ ಗೊಂದಲ

ಎಲ್ಲಕ್ಕಿಂತ ಹೆಚ್ಚಾಗಿ ಜನರನ್ನು ದಾರಿತಪ್ಪಿಸುವ ಸಂಗತಿ ಇದು. ವಿಂಡೋಸ್ ವಿಸ್ತಾ (2007) ಮೊದಲ್ಗೊಂಡು ಬಂದ ವಿಂಡೋಸ್ ವ್ಯವಸ್ಥೆಗಳು, ಬರಿದಾದ ತಟ್ಟೆಯನ್ನು ಹಾಕಿದೊಡನೆ ಅದನ್ನು ಯಾವ ವಿಧಾನದಲ್ಲಿ ಬಳಸಬೇಕೆಂದು ಕೇಳುತ್ತವೆ.

ಒಂದನೆಯ ವಿಧಾನದಲ್ಲಿ ತಟ್ಟೆಯು ಪೆನ್‌ಡ್ರೈವಿನಂತೆ ವರ್ತಿಸುತ್ತದೆ. ಮೊದಲು ಅದನ್ನು ಫಾರ್ಮ್ಯಾಟ್ ಮಾಡಿ, ಅನಂತರ ಕಡತಗಳನ್ನು ಬೇಕಾದಾಗ ಸೇರಿಸಬಹುದು, ಬೇಡವಾದುದನ್ನು ತೆಗೆಯಬಹುದು. ಎರಡನೆಯ ವಿಧಾನದಲ್ಲಿ, ನಾವು ಎಳೆದು ಹಾಕಿದ ಕಡತಗಳು ತಟ್ಟೆಗೆ ಹೋಗುವುದಿಲ್ಲ. ಹಾರ್ಡ್ ಡಿಸ್ಕಿನ ಒಂದು ಮೂಲೆಯಲ್ಲಿ ಕಾದು ಕುಳಿತಿರುತ್ತವೆ. ‘ಬರ್ನ್’ ಎಂಬ ಆಜ್ಞೆಯನ್ನು ಕೊಟ್ಟಾಗ ಮಾತ್ರ ಎಲ್ಲವೂ ಒಟ್ಟಿಗೆ ಬರೆಯಲ್ಪಡುತ್ತವೆ. ವಿಂಡೋಸ್ ಎಕ್ಸ್.ಪಿ. (2001) ಸಿ.ಡಿ. ಬರೆಯಲು ತಾನಾಗಿ ಒದಗಿಸಿದ್ದುದು ಈ ಕಾಯುವ ವಿಧಾನವನ್ನೇ. ಪರದೆಯ ಮೇಲೆ ಕಡತದ ಮಸುಕಾದ ಗುರುತು ಕಾಣಿಸಿತೆಂದು ಸಮಾಧಾನಗೊಂಡು ತಟ್ಟೆಯನ್ನು ಹೊರಕ್ಕೆ ತೆಗೆದವರು ಬರಿಯ ತಟ್ಟೆಯನ್ನೇ ಒಯ್ದಿರುತ್ತಾರೆ. ಮೇಲೆ ಹೇಳಿದ ವಿದ್ಯಾರ್ಥಿಗೆ ಒದಗಿದ ಪಾಡು ಇದೇ.

ಒಂದನೆಯ ವಿಧಾನದಲ್ಲಿಯೂ ಎಚ್ಚರಿಕೆ ಬೇಕು. ಹೀಗೆ ಸಿದ್ಧಪಡಿಸಿದ ತಟ್ಟೆಯನ್ನು ಹಳೆಯ ಗಣಕಯಂತ್ರಗಳೂ ಮನೆಯ ಡಿ.ವಿ.ಡಿ. ಪ್ಲೇಯರುಗಳೂ ಓದದಿರುವುದು ಸಾಮಾನ್ಯ. ಕೆಲವು ಬಗೆಯ ತಟ್ಟೆಗಳಲ್ಲಿ ‘ಸೆಷನ್’ ಎಂಬ ಬರವಣಿಗೆಯ ಅಧ್ಯಾಯವನ್ನು ಮುಗಿಸದಿದ್ದರೆ ಬೇರೆ ಯಂತ್ರಕ್ಕೆ ಅದು ಕಾಣಿಸದು. ಗುಂಡಿಯನ್ನೊತ್ತಿ ಅವಸರದಿಂದ ತಟ್ಟೆಯನ್ನು ಸೆಳೆಯದೆ, ‘ಎಜೆಕ್ಟ್’ ಆಜ್ಞೆಯನ್ನು ಕೊಟ್ಟು, ಯಂತ್ರವು ಕೆಲಸ ಮುಗಿಸುವವರೆಗೆ ಕಾಯಬೇಕು. ಮರುಬರಹದ ಸಿ.ಡಿ. ಹಿಂದಿರುಗಿಸುವ ಬೆಳಕು ಶೇಕಡ 15ರಿಂದ 25ರಷ್ಟು ಮಾತ್ರ. ಕಾರ್ಖಾನೆಯಲ್ಲಿ ಅಚ್ಚಾದ ಸಿ.ಡಿ.ಯಲ್ಲಿ ಅದು ಶೇಕಡ 70ರ ಸಮೀಪ. ಆದುದರಿಂದ ತೀರ ಹಳೆಯ ಯಂತ್ರವು ಸರಿಯಾಗಿ ಬರೆದ ತಟ್ಟೆಯನ್ನೂ ಗುರುತಿಸದೆ ಹೋಗಬಹುದು.

‘ಓದಲು ಮಾತ್ರ’ ಎಂಬ ಸೂಚನೆ

ತಟ್ಟೆಯಲ್ಲಿರುವ ಪತ್ರವನ್ನು ಅಲ್ಲಿಂದಲೇ ತೆರೆದು, ಎರಡು ಸಾಲು ತಿದ್ದಿ, ಉಳಿಸಹೋದರೆ ‘ಇದು ಓದಲು ಮಾತ್ರ’ ಎಂಬ ಸೂಚನೆ ಬರುವುದುಂಟು. ತಟ್ಟೆ ಮರುಬರಹದ್ದಲ್ಲವೆ ಎಂದು ಆಶ್ಚರ್ಯವಾಗಬಹುದು. ಪದರವು ಮರುಬರಹಕ್ಕೆ ಒಪ್ಪುವುದು ನಿಜ. ಆದರೆ ಎರಡನೆಯ ವಿಧಾನದಲ್ಲಿ ಬರೆದ ತಟ್ಟೆಯಲ್ಲಿ ಒಂದು ಕಡತವನ್ನು ಅದಿರುವಲ್ಲಿಯೇ ತಿದ್ದುವ ಏರ್ಪಾಡು ಇಲ್ಲ. ಕಡತವನ್ನು ಹಾರ್ಡ್ ಡಿಸ್ಕಿಗೆ ನಕಲುಮಾಡಿ, ಅಲ್ಲಿ ತಿದ್ದಿ, ಮತ್ತೆ ತಟ್ಟೆಗೆ ಬರೆಯುವುದೇ ಕ್ರಮ. ನಕಲಾದ ಮೇಲೂ ಅದೇ ಸೂಚನೆ ಬಂದರೆ, ಕಡತದ ‘ಪ್ರಾಪರ್ಟೀಸ್’ ಎಂಬಲ್ಲಿ ‘ರೀಡ್ ಓನ್ಲಿ’ ಎಂಬುದರ ಮುಂದಿನ ಗುರುತನ್ನು ತೆಗೆಯಬೇಕು.

ಸ್ಥಳದ ಲೆಕ್ಕ

ಸ್ಥಳವಿದ್ದೂ ಸಾಲದೆಂದು ಯಂತ್ರ ಹೇಳುವುದಕ್ಕೆ ಕಾರಣಗಳಿವೆ. 650 ಮೆಗಾಬೈಟಿನ ಸಿ.ಡಿ.ಯನ್ನು ಪೆನ್‌ಡ್ರೈವಿನಂತೆ ಬಳಸಲು ಫಾರ್ಮ್ಯಾಟ್ ಮಾಡಿದರೆ ಸುಮಾರು 530 ಮೆಗಾಬೈಟು ಮಾತ್ರ ಉಳಿಯುತ್ತದೆ. ಮಿಕ್ಕದ್ದು ಬರವಣಿಗೆಯ ಕಟ್ಟುಗಳ ನಡುವಣ ಅಂತರಕ್ಕೆ ಹೋಗುತ್ತದೆ. ಎರಡನೆಯ ವಿಧಾನದಲ್ಲಿ ಮೊದಲ ಸೆಷನ್ ಮುಗಿಸಲು ಸುಮಾರು 22 ಮೆಗಾಬೈಟೂ ಮುಂದಿನ ಒಂದೊಂದಕ್ಕೂ ಸುಮಾರು 13 ಮೆಗಾಬೈಟೂ ವೆಚ್ಚವಾಗುತ್ತವೆ. ದಿನಕ್ಕೊಂದು ಪುಟ್ಟ ಕಡತವನ್ನು ಸೇರಿಸುವವನ ತಟ್ಟೆ ಬೇಗ ತುಂಬುವುದು ಹೀಗೆ. ಡಿ.ವಿ.ಡಿ.ಯ ಮೇಲೆ 4.7 ಗಿಗಾಬೈಟ್ ಎಂದು ಅಚ್ಚಾಗಿರುವುದು ಸಾವಿರದ ಲೆಕ್ಕ. ವಿಂಡೋಸ್ ಎಣಿಸುವುದು 1024ರ ಲೆಕ್ಕದಲ್ಲಿ. ಅದರಂತೆ ಆ ತಟ್ಟೆಯಲ್ಲಿರುವ ಸ್ಥಳ ಸುಮಾರು 4.38 ಮಾತ್ರ.

ಕೊಳೆ, ಗೀರು, ಸವಕಳಿ

ತಟ್ಟೆಯನ್ನು ಅಂಚಿನಲ್ಲಿ ಹಿಡಿಯಬೇಕು. ಬೆರಳಿನ ಜಿಡ್ಡನ್ನು ಮೆತ್ತಗಿನ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ಸುತ್ತುಸುತ್ತಾಗಿ ಉಜ್ಜಿದರೆ ಗೀರಿನ ಗುಂಟ ಗಾಯವಾಗಿ, ಒಂದೇ ಕಡೆಯ ಬಹಳಷ್ಟು ಮಾಹಿತಿ ಕೆಡುತ್ತದೆ. ಸಿ.ಡಿ.ಯಲ್ಲಿ ಹೆಸರು ಬರೆಯುವ ಮೇಲುಭಾಗವೇ ಹೆಚ್ಚು ನಾಜೂಕು. ಬರವಣಿಗೆಯ ಪದರವಿರುವುದು ಆ ಬದಿಗೇ ಹತ್ತಿರ. ಮೇಲೆ ಅರಗಿನ ತೆಳು ಲೇಪವೊಂದೇ ಕಾಪು. ಅಲ್ಲಿ ಮೊನಚಾದ ಪೆನ್ನಿನಿಂದ ಒತ್ತಿ ಬರೆಯಕೂಡದು. ಬಿಸಿಲಿನಲ್ಲಿಯೂ ಇಡಕೂಡದು.

ಸುಮಾರು ಸಾವಿರ ಸಲ ಅಳಿಸಿ ಬರೆಯಬಹುದೆಂಬುದು ತಟ್ಟೆಯ ಆಯುಸ್ಸಿನ ಅಂದಾಜು. ಕರಗಿ ಆರಿ ಪದರ ದಣಿದಾಗ ತಪ್ಪುಗಳು ಹೆಚ್ಚುತ್ತವೆ. ‘ಕ್ವಿಕ್ ಇರೇಸ್’ ಎಂಬುದು ಪರಿವಿಡಿಯನ್ನು ಮಾತ್ರ ಅಳಿಸುತ್ತದೆ. ‘ಫುಲ್ ಇರೇಸ್’ ಇಡಿಯ ತಟ್ಟೆಯನ್ನು ಹರಳಿನ ಸ್ಥಿತಿಗೆ ತರುತ್ತದೆ. ನಾಲ್ಕು ಪಟ್ಟು ವೇಗದಲ್ಲಿ ಇದಕ್ಕೆ ಸುಮಾರು ಹದಿನೆಂಟು ನಿಮಿಷ ಬೇಕು. ಹಟಮಾಡುವ ತಟ್ಟೆ ಇದರಿಂದ ಕೆಲವೊಮ್ಮೆ ಸರಿಹೋಗುತ್ತದೆ. ಆದರೆ ಅಳಿಸುವ ಮುನ್ನ ಓದಲು ಬರುವುದೆಲ್ಲವನ್ನೂ ಬೇರೆಡೆಗೆ ನಕಲುಮಾಡಿಕೊಳ್ಳತಕ್ಕದ್ದು. ಪೂರ್ತಿ ಅಳಿಸಿದ ಮೇಲೂ ತಪ್ಪು ತೋರಿದರೆ ಆ ತಟ್ಟೆಯನ್ನು ನೆಚ್ಚಬಾರದು.

ಪರೀಕ್ಷೆಯ ಕ್ರಮ

ಕಾರಣ ತಿಳಿಯದಾಗ ಎಲ್ಲವನ್ನೂ ಒಮ್ಮೆಗೇ ಬದಲಿಸುವುದು ತರವಲ್ಲ. ಪ್ರಯೋಗಶಾಲೆಯಲ್ಲಿ ಮಾಡುವಂತೆ ಒಂದನ್ನು ಮಾತ್ರ ಬದಲಿಸಿ, ಉಳಿದುದನ್ನು ಹಾಗೆಯೇ ಇಡಬೇಕು. ಅದೇ ಡ್ರೈವಿಗೆ ಹೊಸ ತಟ್ಟೆಯನ್ನು ಹಾಕೋಣ. ಬರವಣಿಗೆ ನಡೆದರೆ ದೋಷವಿರುವುದು ಹಳೆಯ ತಟ್ಟೆಯಲ್ಲಿ. ನಡೆಯದಿದ್ದರೆ ಅದೇ ಹೊಸ ತಟ್ಟೆಯನ್ನು ಬೇರೆ ಡ್ರೈವಿನಲ್ಲಿ ನೋಡೋಣ. ಅಲ್ಲಿ ನಡೆದರೆ ಮೊದಲ ಡ್ರೈವಿನ ಮಸೂರವನ್ನೋ ತಂತಿಯನ್ನೋ ಶಂಕಿಸಬೇಕು. ಎರಡರಲ್ಲಿಯೂ ನಡೆಯದಿದ್ದರೆ ತಟ್ಟೆಯ ಜಾತಿ, ವೇಗ, ನಾವು ಆರಿಸಿದ ವಿಧಾನ ಇವುಗಳನ್ನು ಮತ್ತೊಮ್ಮೆ ಪರಿಶೀಲಿಸಬೇಕು.

ಬರವಣಿಗೆ ಮುಗಿಯಿತೆಂಬ ಸೂಚನೆಯೊಂದೇ ಸಾಕ್ಷಿಯಲ್ಲ. ತಟ್ಟೆಯನ್ನು ಹೊರತೆಗೆದು ಮತ್ತೆ ಹಾಕಿ, ಸಾಧ್ಯವಾದರೆ ಬೇರೊಂದು ಯಂತ್ರದಲ್ಲಿ ಹಾಕಿ, ಕಡತಗಳನ್ನು ತೆರೆದು ಓದಿ ನೋಡಬೇಕು. ಆ ತನಕ ಮೂಲವನ್ನು ಅಳಿಸಕೂಡದು. ಅಳಿಸಿ ಬರೆಯಬಲ್ಲ ವಸ್ತುವಿನ ಗುಣವೇ ಅದರ ಅಪಾಯವೂ ಹೌದು: ಬೇಡವಾದುದು ಅಳಿಯುವಷ್ಟೇ ಸುಲಭವಾಗಿ ಬೇಕಾದುದೂ ಅಳಿಯುತ್ತದೆ. ಆದುದರಿಂದ ಬೆಲೆಯುಳ್ಳ ಬರಹಕ್ಕೆ ಎರಡು ಪ್ರತಿಗಳಿರಲಿ. ಅವು ಎರಡು ಬೇರೆ ಬೇರೆ ಸ್ಥಳಗಳಲ್ಲಿರಲಿ.