ಕೈಗೆ ಸಿಗದ ಬೋಲ್ಟು: ಎಂಜಿನ್ ಇಳಿಸುವ ಕೆಲಸ ಕಲಿಸುವ ಪಾಠಗಳು

ಜೀಪು ಮತ್ತು ಪಿಕಪ್ ಮಾದರಿಯ ವಾಹನಗಳಲ್ಲಿ ಎಂಜಿನ್ನು ಮುಂದೆ ಎರಡು ಬದಿಯ ಫೌಂಡೇಶನ್ ರಬ್ಬರುಗಳ ಮೇಲೆ ಕೂತಿರುತ್ತದೆ, ಹಿಂದೆ ಬೆಲ್ ಹೌಸಿಂಗಿನ ಮೂಲಕ ಗೇರ್‌ಬಾಕ್ಸಿಗೆ ಕೂಡಿಕೊಂಡಿರುತ್ತದೆ. ಫೌಂಡೇಶನ್ ಬೋಲ್ಟುಗಳು ಕಣ್ಣಿಗೂ ಕೈಗೂ ಸಿಗುತ್ತವೆ. ಬೆಲ್ ಹೌಸಿಂಗಿನ ಕೆಳಗಿನವು ವಾಹನದಡಿ ಮಲಗಿದರೆ ಸಿಗುತ್ತವೆ. ಮೇಲಿನ ಎರಡು ಮೂರು ಮಾತ್ರ ಎಂಜಿನ್ನಿನ ಬೆನ್ನಿಗೂ ಕ್ಯಾಬಿನ್ನಿನ ತಗಡಿನ ಗೋಡೆಗೂ ನಡುವಿನ ಸಂದಿಯಲ್ಲಿ ಅಡಗಿರುತ್ತವೆ. ಅಲ್ಲಿ ಬೆರಳು ಹೋದರೆ ನೋಟ ಹೋಗದು. ನೋಟ ಹೋದರೆ ಪಾನಾ ತಿರುಗಲು ಜಾಗವಿರದು. ಚೈನ್ ಪುಲ್ಲಿ ಹಾಕಿ ಎಂಜಿನ್ ಎತ್ತುವುದು ಸ್ವಲ್ಪ ಹೊತ್ತಿನ ಕೆಲಸ, ದಿನ ತಿನ್ನುವುದು ಈ ಎರಡು ಮೂರು ಬೋಲ್ಟು.

ರೋಣ, ನರಗುಂದದ ಕಡೆ ಈ ತೊಂದರೆಗೆ ಎರಿ ಮಣ್ಣು ಕೂಡಿಕೊಳ್ಳುತ್ತದೆ. ಹಸಿಯಾದಾಗ ಉಬ್ಬಿ, ಒಣಗಿದಾಗ ಕುಗ್ಗಿ ಬಿರಿಯುವ ಜಿಗುಟು ಜೇಡಿ ಅದು. ಮಳೆಗಾಲದಲ್ಲಿ ಹೊಲದ ದಾರಿ ತುಳಿದ ವಾಹನದ ಅಡಿಯಲ್ಲಿ ಮೆತ್ತಿಕೊಂಡರೆ ಬೇಸಿಗೆಯ ಹೊತ್ತಿಗೆ ಕಲ್ಲಾಗುತ್ತದೆ. ಬೋಲ್ಟಿನ ತಲೆ ಎಲ್ಲಿ, ಹೌಸಿಂಗಿನ ಅಂಚು ಎಲ್ಲಿ ಎಂಬುದೇ ಗೊತ್ತಾಗುವುದಿಲ್ಲ. ಮಣ್ಣಿನ ಒಳಪದರ ತೇವ ಹಿಡಿದಿಡುವುದರಿಂದ ತುಕ್ಕು ಒಳಗೊಳಗೇ ಬೆಳೆಯುತ್ತದೆ. ಇನ್ನು 2009 ಮತ್ತು 2019ರಲ್ಲಿ ಮಲಪ್ರಭಾ, ಬೆಣ್ಣೆಹಳ್ಳಗಳು ಉಕ್ಕಿದಾಗ ಆದಂತೆ ಪ್ರವಾಹದಲ್ಲಿ ನಿಂತ ವಾಹನದ ಕಥೆಯೇ ಬೇರೆ. ಬೆಲ್ ಹೌಸಿಂಗಿನೊಳಗೆ ರಾಡಿ ಹೊಕ್ಕು ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿರುತ್ತದೆ, ಬೋಲ್ಟುಗಳು ಥ್ರೆಡ್ಡಿನುದ್ದಕ್ಕೂ ಜಾಮ್ ಆಗಿರುತ್ತವೆ. ಗಜೇಂದ್ರಗಡದ ಕಡೆಯ ಮಸಾರಿ ಧೂಳು ಇಷ್ಟು ಕಾಡುವುದಿಲ್ಲ, ಸೋರಿದ ಆಯಿಲ್ ಜೊತೆ ಬೆರೆತು ಕಪ್ಪು ಹಿಟ್ಟಿನಂತೆ ಕೂರುತ್ತದೆ, ಅಷ್ಟೆ. ಆಯಿಲ್ ಸೋರುವ ಎಂಜಿನ್ನನ್ನು ಮಾಲೀಕರು ಶಪಿಸುತ್ತಾರೆ, ಆದರೆ ಹಿಂದಿನ ಸೀಲು ಸೋರುವ ಎಂಜಿನ್ನಿನ ಬೋಲ್ಟುಗಳೇ ಎಲ್ಲಕ್ಕಿಂತ ಸುಲಭವಾಗಿ ಬಿಚ್ಚುತ್ತವೆ.

ಹೀಗಾಗಿ ಪಾನಾ ಹಿಡಿಯುವ ಮೊದಲು ಮಣ್ಣು ತೆಗೆಯಬೇಕು. ಹಳೆಯ ಸ್ಕ್ರೂಡ್ರೈವರಿನಿಂದ ಕೆರೆದು, ತಂತಿ ಬ್ರಷ್ಷಿನಿಂದ ತಲೆಯ ಆರೂ ಮೂಲೆ ಕಾಣುವವರೆಗೆ ಉಜ್ಜಬೇಕು. ನೀರಿನಿಂದ ತೊಳೆಯುವುದಾದರೆ ಪೂರ್ತಿ ತೊಳೆಯಬೇಕು. ಅರ್ಧ ನೆನೆದ ಎರಿ ಮಣ್ಣು ಸಾಕೆಟ್ಟಿನೊಳಗೆ ತುಂಬಿ ಅದನ್ನು ಬೋಲ್ಟಿನ ಮೇಲೆ ಪೂರ್ತಿ ಕೂರಗೊಡುವುದಿಲ್ಲ. ಬೋಲ್ಟಿನ ತಲೆ ಸ್ಲಿಪ್ ಆಗುವುದಕ್ಕೆ ಹೀಗೆ ಅರೆಬರೆ ಕೂತ ಸಾಕೆಟ್ಟು ಮೊದಲ ಕಾರಣ. ತೊಳೆದ ವಾಹನ ಒಣಗಿದ ಮೇಲೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡುವುದು ಒಳ್ಳೆಯದು. ಡೀಸೆಲ್ಲೂ ಕೆಲಸ ಮಾಡುತ್ತದೆ, ನಿಧಾನವಾಗಿ. ನಡುನಡುವೆ ಬೋಲ್ಟಿನ ತಲೆಗೆ ಸುತ್ತಿಗೆಯಿಂದ ಸಣ್ಣಗೆ ತಟ್ಟಿದರೆ ತುಕ್ಕಿನ ಪದರ ಬಿರಿದು ಎಣ್ಣೆ ಒಳಗಿಳಿಯುತ್ತದೆ.

ಸಾಕೆಟ್ಟು ಆರು ಮೂಲೆಯದಾಗಿರಬೇಕು. ಹನ್ನೆರಡು ಮೂಲೆಯದು ಇಕ್ಕಟ್ಟಿನಲ್ಲಿ ಕೂರಿಸಲು ಸುಲಭ, ಆದರೆ ತುಕ್ಕು ತಿಂದ ತಲೆಯ ಮೂಲೆಗಳನ್ನು ಸವೆಸಿಬಿಡುತ್ತದೆ. ವಿಲ್ಲಿಸ್ ವಂಶದ ಹಳೆಯ ಮಹೀಂದ್ರ ಜೀಪುಗಳಲ್ಲಿ ಇಂಚಿನ ಅಳತೆಯ ಬೋಲ್ಟುಗಳೂ ಸಿಗುವುದರಿಂದ ಇನ್ನೊಂದು ತೊಡಕಿದೆ. 3/4 ಇಂಚಿನ ತಲೆಗೆ 19ರ ಪಾನಾ ಹೇಗೋ ಹೊಂದುತ್ತದೆ. 11/16 ಇಂಚಿನದು 17.46 ಮಿ.ಮೀ.; ಅದಕ್ಕೆ 17ರದು ಹೋಗದು, 18ರದು ಸಡಿಲ. ಕಣ್ಣಿಗೆ ಕಾಣದ ಬೋಲ್ಟಿಗೆ ಅಂದಾಜಿನ ಮೇಲೆ 18 ಹಾಕಿದರೆ ತಲೆ ಉರುಟಾಗುತ್ತದೆ, ಅಲ್ಲಿಗೆ ಒಂದು ಕೆಲಸ ಹೋಗಿ ಎರಡಾಗುತ್ತದೆ.

ಮುಂದಿನದು ಜಾಗ ಮಾಡಿಕೊಳ್ಳುವ ಕೆಲಸ. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಎಲ್ಲಕ್ಕೂ ಮೊದಲು ತೆಗೆಯಬೇಕು, ಏಕೆಂದರೆ ಸೆಲ್ಫ್ ಮೋಟರಿನ ದಪ್ಪ ತಂತಿಗೆ ಪಾನಾ ತಾಗಿದರೆ ಕಿಡಿ ಹಾರುತ್ತದೆ. ಆಮೇಲೆ ಬಾನೆಟ್, ರೇಡಿಯೇಟರ್, ಸೈಲೆನ್ಸರ್ ಪೈಪು, ಸೆಲ್ಫ್ ಮೋಟರು. ಸೆಲ್ಫ್ ಮೋಟರಿನ ಬೋಲ್ಟುಗಳೇ ಕೆಲವು ಎಂಜಿನ್ನುಗಳಲ್ಲಿ ಬೆಲ್ ಹೌಸಿಂಗನ್ನೂ ಹಿಡಿದಿರುತ್ತವೆ. ಜೀಪಿನಲ್ಲಿ ಗೇರ್ ಲಿವರಿನ ಸುತ್ತಲಿನ ತಗಡಿನ ಮುಚ್ಚಳ ಬಿಚ್ಚಿದರೆ ಕ್ಯಾಬಿನ್ನಿನ ಒಳಗಿಂದಲೇ ಹೌಸಿಂಗಿನ ತಲೆ ಕಾಣಬಹುದು. ಸ್ಕ್ರೂಗಳಿಗೆ ಅಂಜಿ ಇದನ್ನು ಬಿಟ್ಟು, ಬಾನೆಟ್ ಕಡೆಯಿಂದ ಹೊಟ್ಟೆಯ ಮೇಲೆ ಮಲಗಿ ಕೈ ತರಚಿಕೊಳ್ಳುವವರು ಬಹಳ.

ಒಳ್ಳೆಯ ಮೇಸ್ತ್ರಿ ಬೋಲ್ಟಿನತ್ತ ಕೈ ಚಾಚುವುದಕ್ಕಿಂತ ಬೋಲ್ಟನ್ನೇ ಕೈಯತ್ತ ತರುತ್ತಾನೆ. ಗೇರ್‌ಬಾಕ್ಸಿನ ಕೆಳಗೆ ಜಾಕು ಕೊಟ್ಟು, ಅದನ್ನು ಹೊತ್ತ ಅಡ್ಡಪಟ್ಟಿಯನ್ನು ಬಿಚ್ಚಿ, ಜಾಕನ್ನು ಕೆಲವು ಇಂಚು ಇಳಿಸಿದರೆ ಎಂಜಿನ್ನು ಮುಂದಿನ ಫೌಂಡೇಶನ್ನುಗಳ ಮೇಲೆ ವಾಲಿ ಹಿಂದಕ್ಕೆ ಬಾಗುತ್ತದೆ. ತಗಡಿನ ಗೋಡೆಯ ಹಿಂದೆ ಅಡಗಿದ್ದ ಬೋಲ್ಟುಗಳು ಆಗ ಅದರ ಕೆಳಗಿನಿಂದ ಕಾಣುತ್ತವೆ. ಇಳಿಸುವಾಗ ಒಬ್ಬರು ಮೇಲೆ ನಿಂತು ಕ್ಲಚ್ ಪೈಪು, ಡೀಸೆಲ್ ಪೈಪು, ವೈರುಗಳು ಎಳೆದುಕೊಳ್ಳದಂತೆ ನೋಡಬೇಕು. ರೇಡಿಯೇಟರ್ ಬಿಚ್ಚದೆ ಬಿಟ್ಟಿದ್ದರೆ ಫ್ಯಾನು ತಾಗದಂತೆಯೂ.

ಇನ್ನು ಉದ್ದನೆಯ ಎಕ್ಸ್‌ಟೆನ್ಶನ್. ಎರಡು ಮೂರನ್ನು ಜೋಡಿಸಿ, ಗೇರ್‌ಬಾಕ್ಸಿನ ಮೇಲಿಂದ ಹಾಯಿಸಿ, ತುದಿಯ ಸಾಕೆಟ್ಟಿನ ಹಿಂದೆ ಒಂದು ಯೂನಿವರ್ಸಲ್ ಜಾಯಿಂಟ್ ಹಾಕಿದರೆ, ವಾಹನದ ನಡುಭಾಗದಲ್ಲಿ ಕೂತು ಮುಂದಿನ ಬೋಲ್ಟು ತಿರುಗಿಸಬಹುದು. ಜಾಯಿಂಟ್ ಜೋತುಬೀಳದಂತೆ ಅದರ ಸುತ್ತ ಇನ್ಸುಲೇಶನ್ ಟೇಪು ಸುತ್ತಬೇಕು. ಬಾಗು ಹೆಚ್ಚಾದಷ್ಟೂ ಬಲ ಪಕ್ಕಕ್ಕೆ ಹೋಗಿ ಸಾಕೆಟ್ಟು ಜಾರುತ್ತದೆ. ಹಾಗಾದರೆ ಜಾಕನ್ನು ಇನ್ನೊಂದಿಷ್ಟು ಇಳಿಸುವುದೇ ಲೇಸು. ಇದು ಇಬ್ಬರ ಕೆಲಸ: ಒಬ್ಬ ಸಾಕೆಟ್ಟನ್ನು ಬೋಲ್ಟಿನ ಮೇಲೆ ಹಿಡಿಯುತ್ತಾನೆ, ಇನ್ನೊಬ್ಬ ತಿರುಗಿಸುತ್ತಾನೆ. ಹಿಡಿದವನು ಕೈ ತೆಗೆದು ಹೂಂ ಅನ್ನುವವರೆಗೆ ತಿರುಗಿಸುವವನು ಕಾಯಬೇಕು.

ಬಲದ ಲೆಕ್ಕ ಸರಳ. 10 ಮಿ.ಮೀ. ದಪ್ಪದ, 8.8 ದರ್ಜೆಯ ಬೋಲ್ಟನ್ನು ಬಿಗಿಯುವುದು ಸುಮಾರು 5 ಕೆಜಿ-ಮೀಟರಿಗೆ. ಪಾನಾಕ್ಕೆ ಪೈಪು ಸಿಕ್ಕಿಸಿ ಹಿಡಿಕೆಯನ್ನು 60 ಸೆಂ.ಮೀ. ಮಾಡಿಕೊಂಡು 20 ಕೆಜಿ ಬಲ ಬಿಟ್ಟರೆ 12 ಕೆಜಿ-ಮೀಟರ್ ಆಗುತ್ತದೆ. ಜಾಮ್ ಆದ ಬೋಲ್ಟು ತುಂಡಾಗಲು ಅಷ್ಟು ಸಾಕು. ಮೊದಲು ಬಿಗಿಯುವ ದಿಕ್ಕಿಗೆ ಒಂದು ಸಣ್ಣ ಎಳೆತ ಕೊಟ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ ತಿರುಗಿಸಿದರೆ ತುಕ್ಕು ಬಿಡುವ ಸಾಧ್ಯತೆ ಹೆಚ್ಚು. ಸರಿಯಾಗಿ ಬಿಚ್ಚುವ ಬೋಲ್ಟು ಟಕ್ ಎಂದು ಸದ್ದು ಮಾಡುತ್ತದೆ. ಸದ್ದಿಲ್ಲದೆ ಮೆತ್ತಗೆ ತಿರುಗಿದರೆ ನಿಲ್ಲಿಸಬೇಕು: ಉದ್ದನೆಯ ಎಕ್ಸ್‌ಟೆನ್ಶನ್ ತಿರುಚಿಕೊಳ್ಳುತ್ತಿರಬಹುದು, ಬೋಲ್ಟೇ ತಿರುಚಿಕೊಳ್ಳುತ್ತಿರಲೂಬಹುದು. ಅರ್ಧ ಸುತ್ತು ಬಂದು ಮತ್ತೆ ಹಿಡಿದರೆ ಹಿಂದಕ್ಕೆ ತಿರುಗಿಸಿ, ಎಣ್ಣೆ ಬಿಟ್ಟು, ಮತ್ತೆ ಮುಂದುವರಿಸಬೇಕು.

ಬೋಲ್ಟು ತುಂಡಾಗಿ ತುದಿ ಹೊರಗುಳಿದರೆ, ಅದರ ಮೇಲೆ ನಟ್ಟು ಇಟ್ಟು ಒಳಗಿಂದ ವೆಲ್ಡ್ ಮಾಡುವುದು ಉತ್ತಮ ಉಪಾಯ. ವೆಲ್ಡಿಂಗಿನ ಕಾವಿಗೆ ತುಕ್ಕೂ ಸಡಿಲಾಗುತ್ತದೆ. ಟ್ರೇಲರು, ಕುಂಟೆ ರಿಪೇರಿ ಮಾಡುವ ವೆಲ್ಡಿಂಗ್ ಅಂಗಡಿಯವರಿಗೆ ಇದು ಹೊಸದಲ್ಲ. ಹೌಸಿಂಗು ಅಲ್ಯೂಮಿನಿಯಂ ಆಗಿದ್ದರೆ ಗ್ಯಾಸಿನ ಜ್ವಾಲೆ ಅಪಾಯಕಾರಿ: ಅದು 660 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಕರಗುವ ಮುನ್ನ ಕಬ್ಬಿಣದಂತೆ ಕೆಂಪಾಗಿ ಎಚ್ಚರಿಸುವುದಿಲ್ಲ. ಡೀಸೆಲ್ ಪೈಪು ಬಿಚ್ಚಿ ಬಾಯಿ ಮುಚ್ಚದೆ ಯಾವ ಬೆಂಕಿಯನ್ನೂ ಹಚ್ಚಕೂಡದು.

ಟ್ರ್ಯಾಕ್ಟರಿಗೆ ಈ ಕ್ರಮ ಹೊಂದುವುದಿಲ್ಲ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬೇರೆ ಚಾಸಿ ಇಲ್ಲ, ಎಂಜಿನ್ನೇ ದೇಹದ ಭಾಗ. ಬೋಲ್ಟುಗಳು ಹೊರಗೇ ಸಿಗುತ್ತವೆ, ಆದರೆ ಬಿಚ್ಚಿದೊಡನೆ ಗಾಡಿ ಎರಡು ಹೋಳಾಗುವುದರಿಂದ ಎರಡೂ ಕಡೆ ಗಟ್ಟಿ ಆಧಾರ ಮೊದಲೇ ಇರಬೇಕು, ಮುಂದಿನ ಆಕ್ಸಲ್ ತೂಗಾಡದಂತೆ ಬೆಣೆ ಬಡಿದಿರಬೇಕು.

ಎಂಜಿನ್ ಎತ್ತುವಾಗ ಹೌಸಿಂಗು ಬಿಡದಿದ್ದರೆ ಎಲ್ಲೋ ಒಂದು ಬೋಲ್ಟೋ ಅರ್ತಿಂಗ್ ತಂತಿಯೋ ಉಳಿದಿದೆ ಎಂದೇ ತಿಳಿಯಬೇಕು. ಸಂದಿಗೆ ಚಾಣ ಬಡಿಯುವ ಮೊದಲು ಸುತ್ತಲೂ ಬೆರಳಾಡಿಸಿ ನೋಡಬೇಕು. ಬಿಚ್ಚಿದ ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಹೌಸಿಂಗಿನ ಆಕಾರ ಬರೆದು ಅವುಗಳನ್ನು ಆಯಾ ಜಾಗದಲ್ಲೇ ಚುಚ್ಚಿಟ್ಟರೆ ಮುಂದೆ ಗೊಂದಲವಿಲ್ಲ. ಮರುಜೋಡಣೆಯಲ್ಲಿ ಥ್ರೆಡ್ಡಿಗೆ ಗ್ರೀಸು ಸವರಿ, ಗೇರ್‌ಬಾಕ್ಸು ಇನ್ನೂ ಬಾಗಿರುವಾಗಲೇ ಮೇಲಿನ ಬೋಲ್ಟುಗಳನ್ನು ಬೆರಳಿನಿಂದ ಕೆಲವು ಸುತ್ತು ಹಿಡಿಸಬೇಕು. ಎಂಜಿನ್ನಿಗೂ ಹೌಸಿಂಗಿಗೂ ಸಂದಿ ಉಳಿದಿದ್ದರೆ ಬೋಲ್ಟು ಬಿಗಿದು ಎಳೆದುಕೊಳ್ಳಬಾರದು. ಹಾಗೆ ಮಾಡಿದರೆ ಹೌಸಿಂಗಿನ ಕಿವಿ ಮುರಿಯುತ್ತದೆ. ಕ್ಲಚ್ ಪ್ಲೇಟು ನೆಟ್ಟಗೆ ಕೂತಿದ್ದರೆ ಆ ಸಂದಿ ಕೈ ಒತ್ತಿಗೇ ಮುಚ್ಚುತ್ತದೆ, ಅದಾದ ಮೇಲೆ ಜಾಕು ಎತ್ತಿ ಅಡ್ಡಪಟ್ಟಿ ಕಟ್ಟಬಹುದು.