ಐದು ದಿನದ ಕರೆಂಟು

ತಮ್ಮಾ,

ನಿಮ್ಮಪ್ಪನ ಬಾಯಿಯ ಗಡ್ಡೆ ದವಡೆ ದಾಟಿ ಕೊರಳಿಗಿಳಿದಿದೆ, ಪೂರ್ತಿ ಗುಣವಾಗದು, ಐದು ದಿನ ಕರೆಂಟು (ರೇಡಿಯೇಷನ್) ಕೊಡುತ್ತೇವೆ ಎಂದು ಡಾಕ್ಟರು ಹೇಳಿದರಂತೆ. ಸಿರುಗುಪ್ಪದ ನಿನ್ನ ಸೋದರಮಾವ, "ಇಲ್ಲಿಯವರು ಕೈ ಬಿಟ್ರು, ಗದ್ದೆ ಮಾರಿಯಾದ್ರೂ ಬೆಂಗಳೂರಿಗೆ ಕರ್ಕೊಂಡು ಹೋಗೋಣ" ಅನ್ನುತ್ತಿದ್ದಾರಂತೆ. ಕುರುಗೋಡಿನಿಂದ ನೀನು ಬರೆದದ್ದಕ್ಕೆ ಎಲ್ಲರೂ ಓದುವಂತೆ ಉತ್ತರಿಸುತ್ತಿದ್ದೇನೆ. ಗುಟ್ಕಾ, ಎಲೆ-ಅಡಿಕೆ-ತಂಬಾಕು ಹೊಕ್ಕ ನಮ್ಮ ಊರುಗಳಲ್ಲಿ ಈ ಕಷ್ಟ ನಿಮ್ಮ ಮನೆಯೊಂದರದ್ದಲ್ಲ. ಕ್ಯಾನ್ಸರ್ ವಾರ್ಡಿನಲ್ಲಿ ನರ್ಸಾಗಿ ದುಡಿದ ಅಕ್ಕನ ಮಾತೆಂದು ಕೇಳು.

ದಿನ ಕಡಿಮೆಯಾದ ಮಾತ್ರಕ್ಕೆ ಕೈ ಬಿಟ್ಟರೆಂದಲ್ಲ. ಗುಣಪಡಿಸಲು ಕೊಡುವ ಕರೆಂಟು ಆರೇಳು ವಾರದ್ದು, ಒಟ್ಟು 70 ಗ್ರೇ (ಕಿರಣದ ಪ್ರಮಾಣದ ಅಳತೆ) ಆಸುಪಾಸು. ಬಾಯೆಲ್ಲ ಹುಣ್ಣಾಗಿ ನೀರೂ ಇಳಿಯದ ದಿನಗಳನ್ನು ದಾಟಲು ಮೈಯಲ್ಲಿ ಕಸುವಿರಬೇಕು. ರೋಗ ಕೈಮೀರಿದಾಗ ಗುರಿಯೇ ಬೇರೆ: ನೋವು ಇಳಿಯಬೇಕು, ರಕ್ತ ಒಸರುವುದು ನಿಲ್ಲಬೇಕು, ವಾಸನೆ ಕಡಿಮೆಯಾಗಬೇಕು, ಗಂಜಿ ಗಂಟಲಲ್ಲಿ ಇಳಿಯಬೇಕು. ದೆಹಲಿಯ ಏಮ್ಸ್ ವೈದ್ಯರು ಇಂಥ 505 ಜನರಿಗೆ ಐದು ಸಲಕ್ಕೆ 20 ಗ್ರೇ ಕೊಟ್ಟು ನೋಡಿ 2004ರಲ್ಲಿ ವರದಿ ಮಾಡಿದರು. ಸರಿಸುಮಾರು ಅರ್ಧದಷ್ಟು ಜನರಿಗೆ ತೊಂದರೆಗಳು ಚೆನ್ನಾಗಿಯೇ ಇಳಿದವು. ಗಡ್ಡೆ ಚೆನ್ನಾಗಿ ಕುಗ್ಗಿದವರಿಗೆ ಮುಂದೆ ಇನ್ನಷ್ಟು ಕೊಟ್ಟರು. ಎಲ್ಲರಿಗೂ ಫಲಿಸುತ್ತದೆಂದು ನಾನು ಹೇಳಲಾರೆ. ಫಲಿಸಿದರೂ ಒಂದೆರಡು ವಾರ ಕಾಯಬೇಕು, ಅಷ್ಟರಲ್ಲಿ ಬಾಯಿಯ ಉರಿ ತುಸು ಹೆಚ್ಚಬಹುದು.

ಎರಡೇ ದಿನದ ಕ್ರಮವೂ ಇದೆ. ದಿನಕ್ಕೆರಡು ಸಲದಂತೆ ನಾಲ್ಕು ಸಲ, ಒಟ್ಟು 14.8 ಗ್ರೇ, ಒಗ್ಗಿದರೆ ಮೂರ್ನಾಲ್ಕು ವಾರ ಬಿಟ್ಟು ಮತ್ತೆ, ಒಟ್ಟು ಮೂರು ಸುತ್ತಿನವರೆಗೆ. ದಿನಾ ಬಸ್ಸಿನಲ್ಲಿ ಓಡಾಡಲಾಗದ ಮುದುಕರಿಗೆ ಇದೇ ಮೇಲೆನ್ನುವುದು ನನ್ನ ಅನಿಸಿಕೆ. ನಿಮ್ಮಪ್ಪನಿಗೆ ಹೊಂದುತ್ತದೆಯೇ ಎಂದು ಕೇಳು. ಹಾಸಿಗೆ ಹಿಡಿದು ಪೂರ್ತಿ ಸೋತವರಿಗೆ ಕರೆಂಟೇ ಬೇಡ, ಔಷಧಿ ಸಾಕು ಎಂದು ಹೇಳುವ ಡಾಕ್ಟರನ್ನೂ ನಂಬು.

ಅವ್ವನಿಗೆ ಧೈರ್ಯ ಹೇಳು. ಮುಖಕ್ಕೆ ಅಚ್ಚಿನಂಥ ಮಾಸ್ಕ್ ಬಿಗಿದು ಕೆಲವು ನಿಮಿಷ ಮಲಗಿಸುತ್ತಾರೆ, ಆಗ ನೋವಾಗದು. ಹೊರಗೆ ಬಂದ ಮೇಲೆ ಮೈಯಿಂದ ಯಾವ ಕಿರಣವೂ ಹೊಮ್ಮುವುದಿಲ್ಲ. ಅಪ್ಪ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲಿ. ತಟ್ಟೆ-ಲೋಟ ಬೇರೆ ಇಟ್ಟು ಅವರ ಮನಸ್ಸು ನೋಯಿಸಬೇಡಿ.

ಮಾರ್ಫಿನ್ ಮಾತ್ರೆ ಬರೆದುಕೊಟ್ಟರೆ ಚಟವಾದೀತೆಂದು ಹೆದರಬೇಡ. ನೋವು ಬಂದ ಮೇಲೆ ನುಂಗುವುದಲ್ಲ, ಹೇಳಿದ ಹೊತ್ತಿಗೆ ತಪ್ಪದೆ ಕೊಡು. ಮಲಬದ್ಧತೆಗೆ ಮೊದಲ ದಿನದಿಂದಲೇ ಔಷಧಿ ಕೇಳಿಕೊ. ವಾಸನೆಗೆ ಹುಣ್ಣಿನ ಮೇಲೆ ಉದುರಿಸಲು ಮೆಟ್ರೊನಿಡಜೋಲ್ ಪುಡಿ ಕೊಡುತ್ತಾರೆ. ನುಂಗಲಾಗದಿದ್ದರೆ ಮೂಗಿನ ನಳಿಗೆ ಹಾಕಿಸಬೇಕೋ ಬೇಡವೋ ಎಂದು ಅಪ್ಪನನ್ನೇ ಕೇಳು. ಮಂಚದ ಬಳಿ ಗಾಢ ಬಣ್ಣದ ಟವೆಲ್ ಒಂದೆರಡು ಇಟ್ಟಿರು. ಕೊರಳ ಗಡ್ಡೆಯಿಂದ ಇದ್ದಕ್ಕಿದ್ದಂತೆ ರಕ್ತ ಹರಿದರೆ ಬಿಳಿ ಬಟ್ಟೆಯ ಮೇಲೆ ಅದನ್ನು ಕಂಡು ಅವರೂ ಮನೆಯವರೂ ಗಾಬರಿಯಾಗುತ್ತಾರೆ. ಬರೆಯಲು ಸಂಕಟವಾದರೂ ಇದನ್ನು ಮೊದಲೇ ಹೇಳಿಬಿಡಬೇಕು.

ಗದ್ದೆ ಮಾರಬೇಡಿ. ಮೊದಲು ಬಳ್ಳಾರಿಯಲ್ಲಿ, ನಾವೆಲ್ಲ ಈಗಲೂ ವಿಮ್ಸ್ ಎನ್ನುವ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸು. ಅಲ್ಲಿ ಆಗದಿದ್ದರೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ ಇವೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಮಾವನಿಗೆ ಸಮಾಧಾನವಾಗಬೇಕೆಂದರೆ ಬಯಾಪ್ಸಿ ವರದಿ, ಸ್ಕ್ಯಾನ್ ಸಿಡಿ ಹಿಡಿದು ಅವರೇ ಕಿದ್ವಾಯಿಗೆ ಹೋಗಿ ಇನ್ನೊಂದು ಅಭಿಪ್ರಾಯ ಕೇಳಿ ಬರಲಿ. ಅಪ್ಪನನ್ನು ಸುಮ್ಮನೆ ರೈಲಿನಲ್ಲಿ ಅಲೆಸುವುದು ಬೇಡ.

ರೋಗದ ಸುದ್ದಿಯನ್ನು ಅಪ್ಪನಿಂದ ಮುಚ್ಚಿಟ್ಟಿದ್ದೇವೆ ಎಂದೂ ಬರೆದಿದ್ದೀಯ. ಅವರಿಗೆ ಅರ್ಧ ಗೊತ್ತಾಗಿಯೇ ಇರುತ್ತದೆ. ಕರೆಂಟು ಶುರುವಾಗುವ ಮುಂಚೆ ಪಕ್ಕದಲ್ಲಿ ಕೂತು, ಎಷ್ಟು ತಿಳಿಯಬೇಕೆಂದು ಅವರನ್ನೇ ಕೇಳು. ಕೇಳಿದಷ್ಟನ್ನು ಸುಳ್ಳಿಲ್ಲದೆ ಹೇಳು. ಐದು ದಿನ ಮುಗಿದ ಮೇಲೆ ಊಟ, ನಿದ್ದೆ ಹೇಗಿದೆಯೆಂದು ನನಗೆ ಬರೆ.

ನಿನ್ನ ಅಕ್ಕ